ಚುನಾವಣೆಗೆ ಮೊದಲು ನಿಮ್ಮ ಬೂತ್ ಕಟ್ಟೋದು ಹೇಗೆ

"ಅಕ್ಕಾರ, ಈ ಸಲ ಹವಾ ಯಾರದೈತ್ರಿ?"

ಚುನಾವಣೆ ಹತ್ತಿರ ಬಂತು ಅಂದ್ರೆ ನನ್ನ ಅಂಗಡಿಗೆ ಬ್ಲೌಸ್ ಹೊಲಿಸೋಕೆ ಬಂದವರೆಲ್ಲ ಕೇಳೋದು ಇದನ್ನೇ. ಗದಗದ ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಟೇಲರಿಂಗ್ ಅಂಗಡಿ ಇದೆ. ಜೊತೆಗೆ ಒಂದು ಪಕ್ಷದ ಬೂತ್ ಕೆಲಸ ಮಾಡುತ್ತೇನೆ, ಅಂದ್ರೆ ಒಂದು ಮತಗಟ್ಟೆಗೆ ಸೇರಿದ ಮತದಾರರನ್ನು ಪಕ್ಷದ ಕಡೆಯಿಂದ ನೋಡಿಕೊಳ್ಳೋ ಕೆಲಸ. ಯಾವ ಪಕ್ಷ ಅನ್ನೋದು ಇಲ್ಲಿ ಬೇಡ. ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ನಿಮಗೆ ಹೇಳಿದರೆ ಅರ್ಧ ಜನ ಇಲ್ಲಿಗೇ ಓದೋದು ಬಿಟ್ಟು ಎದ್ದು ಹೋಗ್ತೀರಿ. ಬೂತ್ ಕೆಲಸ ಮಾತ್ರ ಎಲ್ಲ ಪಕ್ಷಕ್ಕೂ ಒಂದೇ.

ಹವಾ ಹೇಳೋಕೆ ನನಗೆ ಬರಲ್ಲ. ಲೆಕ್ಕ ಹೇಳುತ್ತೇನೆ. 2018ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಗದಗ ಕ್ಷೇತ್ರದಲ್ಲಿ ಎಚ್.ಕೆ. ಪಾಟೀಲರು ಗೆದ್ದದ್ದು 1,868 ಮತಗಳಿಂದ. ಅದೇ ವರ್ಷ ಕುಂದಗೋಳದಲ್ಲಿ ಅಂತರ 634. ಹಾವೇರಿ ಜಿಲ್ಲೆಯ ಹಿರೇಕೆರೂರಿನಲ್ಲಿ 555. ಲೆಕ್ಕಕ್ಕೆ ಸುಲಭ ಆಗಲಿ ಅಂತ ಕ್ಷೇತ್ರಕ್ಕೆ 200 ಬೂತ್ ಹಿಡಿಯಿರಿ. ಗದಗದಲ್ಲಿ ಬೂತಿಗೆ ಒಂಬತ್ತು ಮತ ಬಂತು. ಕುಂದಗೋಳದಲ್ಲಿ ಮೂರು ಚಿಲ್ಲರೆ. ಹಿರೇಕೆರೂರಿನಲ್ಲಿ ಪೂರಾ ಮೂರೂ ಇಲ್ಲ. ಅವರ ಕಡೆಯ ಒಬ್ಬರು ನಮ್ಮ ಕಡೆ ಬಂದರೆ ಅಂತರ ಎರಡು ಇಳಿಯುತ್ತೆ. ಅಂದ್ರೆ ಗದಗದಂಥ ಚುನಾವಣೆಯಲ್ಲಿ ಬೂತಿಗೆ ಐದು ಜನ ಮನಸ್ಸು ಬದಲಿಸಿದ್ದರೆ ಸಾಕಿತ್ತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದ ಮೇಲೆ ಫಲಿತಾಂಶ ನಿಂತಿತ್ತು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ 16 ಮತದ ಮೇಲೆ.

ಎಲ್ಲ ಚುನಾವಣೆಯೂ ಹೀಗೇ ಇರಲ್ಲ. ಹತ್ತಿಪ್ಪತ್ತು ಸಾವಿರದ ಅಂತರ ಬಂದಾಗ ನಿಮ್ಮ ನನ್ನ ಓಡಾಟದಿಂದ ಏನೂ ಬದಲಾಗಿರಲ್ಲ. ಆದರೆ ಯಾವುದು ಯಾವ ತರಹದ ಚುನಾವಣೆ ಅಂತ ಎಣಿಕೆ ದಿನದ ತನಕ ಯಾರಿಗೂ ಗೊತ್ತಾಗಲ್ಲ ಅಲ್ವಾ? ಹಾಗಾಗಿ ನಾನು ಪ್ರತಿ ಸಲವೂ ಆ ಐದು ಜನರನ್ನು ಹುಡುಕೋ ಕೆಲಸವನ್ನೇ ಮಾಡೋದು. ಹೊಸಬರಿಗೆ ಅದನ್ನೇ ಇಲ್ಲಿ ಹೇಳಿಕೊಡುತ್ತೇನೆ.

ಸೇರೋದು

ಪಕ್ಷ ಸೇರೋದು ಈಗ ಸುಲಭ. ಮಿಸ್ಡ್ ಕಾಲ್ ಕೊಟ್ಟರೂ ಸದಸ್ಯರಾಗಬಹುದು. ಆದರೆ ಮಿಸ್ಡ್ ಕಾಲ್ ಕೊಟ್ಟವರನ್ನು ಯಾರೂ ಹುಡುಕಿಕೊಂಡು ಬಂದು ಕೆಲಸ ಕೊಡಲ್ಲ. ನೀವೇ ಹೋಗಬೇಕು. ಜಿಲ್ಲಾ ಕಚೇರಿಗೆ ಹೋಗಬೇಡಿ. ಅಲ್ಲಿ ಕುರ್ಚಿ ಕಡಿಮೆ, ಕೂರೋರು ಜಾಸ್ತಿ. ನಿಮ್ಮ ಓಣಿಯ ಬೂತನ್ನು ಪಕ್ಷದ ಕಡೆಯಿಂದ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ ಅವರ ಮನೆಗೇ ಹೋಗಿ. ಅವರನ್ನು ಬೂತ್ ಅಧ್ಯಕ್ಷ ಅಂತಲೋ ಬೇರೆ ಏನೋ ಅಂತಲೋ ಕರೀತಾರೆ. ಹೆಸರು ಏನೇ ಇರಲಿ, "ನನಗೆ ಒಂದು ಓಣಿ ಕೊಡ್ರಿ" ಅನ್ನಿ. ಹುದ್ದೆ ಕೇಳಿದರೆ ನಿಮ್ಮನ್ನು ಅನುಮಾನದಿಂದ ನೋಡ್ತಾರೆ. ಓಣಿ ಕೇಳಿದರೆ ಚಹಾ ಕೊಟ್ಟು ಕೂರಿಸ್ತಾರೆ. ಕೇಳೋರೇ ಇಲ್ಲ ನೋಡಿ!

ಕೆಲಸ ಸ್ವಲ್ಪ ಕಲಿತ ಮೇಲೆ ಬಿಎಲ್‌ಎ ಆಗಬಹುದು. ಮತಗಟ್ಟೆ ಮಟ್ಟದಲ್ಲಿ ಪಕ್ಷದ ಏಜೆಂಟ್ ಅದು. ಮಾನ್ಯತೆ ಪಡೆದ ಪಕ್ಷಗಳು ಫಾರ್ಮ್ ಕೊಟ್ಟು ನೇಮಿಸುತ್ತವೆ. ಸರ್ಕಾರಿ ನೌಕರರು ಆಗೋ ಹಾಗಿಲ್ಲ. ಇದನ್ನು ಬಿಎಲ್‌ಒ ಜೊತೆ ಕಲಸಿಕೊಳ್ಳಬೇಡಿ. ಬಿಎಲ್‌ಒ ಅಂದ್ರೆ ಚುನಾವಣಾ ಆಯೋಗದ ಕೆಲಸ ಮಾಡೋರು. ಹೆಚ್ಚಾಗಿ ಅಂಗನವಾಡಿ ಟೀಚರೋ ಶಾಲೆ ಮಾಸ್ತರೋ ಇರ್ತಾರೆ. ತಮ್ಮ ಕೆಲಸದ ಮೇಲೆ ಇದನ್ನೂ ಹೊತ್ತಿರ್ತಾರೆ. ಅವರನ್ನು ಎಲ್ಲ ಪಕ್ಷದವರೂ ಬೈತಾರೆ. ನೀವು ಬೈಯಬೇಡಿ. ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ಊಟದ ಹೊತ್ತಿನಲ್ಲಿ ಫೋನ್ ಮಾಡಬೇಡಿ.

ಪಟ್ಟಿ

ಬೂತ್ ಕೆಲಸದಲ್ಲಿ ಮುಕ್ಕಾಲು ಪಾಲು ಮತದಾರರ ಪಟ್ಟಿ. ಭಾಷಣ, ಬಾವುಟ, ಬೈಕ್ ರ್‍ಯಾಲಿ ಎಲ್ಲ ಸೇರಿ ಉಳಿದ ಕಾಲು.

ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಭಾಗವಾರು ಪಟ್ಟಿಯ ಪಿಡಿಎಫ್ ಸಿಗುತ್ತೆ. ಒಂದು ಬೂತ್ ಅಂದ್ರೆ ಒಂದು ಭಾಗ. ನಿಮ್ಮ ಗುರುತಿನ ಚೀಟಿಯ ನಂಬರ್ ಹಾಕಿದರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡೂ ಬರುತ್ತವೆ. ಅದನ್ನು ಪ್ರಿಂಟ್ ಹಾಕಿಸಿ. ಮೊಬೈಲಿನಲ್ಲಿ ಇಟ್ಟುಕೊಂಡರೆ ಆಗಲ್ಲ. ಮನೆ ಬಾಗಿಲಲ್ಲಿ ನಿಂತು ಮೊಬೈಲ್ ತಿಕ್ಕುತ್ತಿದ್ದರೆ ಎದುರಿಗಿದ್ದವರಿಗೆ ಇವರು ಏನೋ ಮೇಲಿನವರಿಗೆ ಕಳಿಸ್ತಿದ್ದಾರೆ ಅನ್ನಿಸುತ್ತೆ. ಕಾಗದ ಕಂಡರೆ ಅವರೇ ಬಗ್ಗಿ ನೋಡ್ತಾರೆ. "ಎಲ್ಲೈತಿ ನನ್ ಹೆಸರು?" ಅಂತ ಬೆರಳು ಇಡ್ತಾರೆ. ಆಗ ನಿಮ್ಮ ಅರ್ಧ ಕೆಲಸ ಆಯ್ತು.

ನಾನು ಪಟ್ಟಿಯನ್ನು ಕತ್ತರಿಸಿ ನನ್ನ ಅಳತೆ ಪುಸ್ತಕದಂಥದ್ದೇ ಒಂದು ಉದ್ದ ಪುಸ್ತಕಕ್ಕೆ ಅಂಟಿಸುತ್ತೇನೆ. ಎಡಕ್ಕೆ ಪಟ್ಟಿ, ಬಲಕ್ಕೆ ಖಾಲಿ ಹಾಳೆ. ಬರೆಯೋದು ಪೆನ್ಸಿಲಿನಲ್ಲಿ ಮಾತ್ರ. ಮನುಷ್ಯರು ಬದಲಾಗ್ತಾರೆ, ರಬ್ಬರ್ ಬೇಕು. ನಮ್ಮ ಕಡೆ ಇರೋರಿಗೆ ಸರಿ ಗುರುತು. ಆ ಕಡೆಯವರಿಗೆ ಗೀಟು. ಗೊತ್ತಿಲ್ಲದವರಿಗೆ ಪ್ರಶ್ನೆ ಚಿಹ್ನೆ. ದುಡಿಯೋಕೆ ಹೊರಗೂರಿಗೆ ಹೋದವರಿಗೆ 'ಹೊ'. ಪುಸ್ತಕದ ಕೊನೆಯ ಹಾಳೆಗಳು ತಕರಾರಿಗೆ. ಈ ಪುಸ್ತಕ ಯಾರ ಕೈಗೂ ಹೋಗಬಾರದು. ಯಾರು ಯಾರಿಗೆ ಹಾಕ್ತಾರೆ ಅನ್ನೋ ನಿಮ್ಮ ಊಹೆ ಓಣಿಯಲ್ಲಿ ಹರಡಿದರೆ ನೆರೆಹೊರೆ ಕೆಡುತ್ತೆ. ಫೋಟೊ ತೆಗೆದು ಗ್ರೂಪಿಗೆ ಹಾಕೋದಂತೂ ಬೇಡವೇ ಬೇಡ.

ಮನೆ ನಂಬರ್ ನಂಬಿ ಹೋಗಬೇಡಿ. ಪಟ್ಟಿಯಲ್ಲಿ ಅಣ್ಣ ಒಂದು ಪುಟದಲ್ಲಿ, ತಮ್ಮ ಮೂರು ಪುಟ ಆಚೆ ಇರ್ತಾನೆ. ಒಂದೇ ಬೂತಿನಲ್ಲಿ ಬಸವ್ವ ಅನ್ನೋರು ಎಷ್ಟೋ ಜನ. ಗಂಡನ ಹೆಸರು ನೋಡಿಯೇ ಗುರುತು ಹಾಕಬೇಕು.

ಇನ್ನು ಫಾರ್ಮ್‌ಗಳು. ಮೂರು ಗೊತ್ತಿದ್ದರೆ ಸಾಕು. ಹೊಸ ಹೆಸರು ಸೇರಿಸೋಕೆ 6. ತೀರಿಹೋದವರ ಹೆಸರು ತೆಗೆಸೋಕೆ, ಆಕ್ಷೇಪಣೆಗೆ 7. ವಿಳಾಸ ಬದಲು, ತಿದ್ದುಪಡಿ, ಹೊಸ ಕಾರ್ಡು, ಎಲ್ಲದಕ್ಕೂ 8. ಹೊಸಬರಿಗೆ 18 ತುಂಬಿತಾ ಅಂತ ನೋಡೋಕೆ ಈಗ ವರ್ಷಕ್ಕೆ ನಾಲ್ಕು ದಿನ ಲೆಕ್ಕ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಚುನಾವಣೆ ಘೋಷಣೆ ಆದ ಮೇಲೆ ನೋಡೋಣ ಅಂದುಕೊಂಡರೆ ಕೆಟ್ಟಿರಿ. ನಾಮಪತ್ರದ ಕೊನೆ ದಿನ ದಾಟಿದ ಮೇಲೆ ಯಾರ ಹೆಸರೂ ಸೇರಲ್ಲ. ಅದಕ್ಕೂ ಹತ್ತು ದಿನ ಮೊದಲೇ ಅರ್ಜಿ ಕೊಟ್ಟಿರಬೇಕು. ಅರ್ಜಿಗಳ ರಾಶಿ ಮಾಡಿ ಒಂದೇ ದಿನ ಕೊಡೋಕೂ ಬಿಎಲ್‌ಎಗೆ ಬರಲ್ಲ, ಮಿತಿ ಇದೆ. ದಿನಾ ಸ್ವಲ್ಪ ಸ್ವಲ್ಪ ಕೊಡಿ.

ಫಾರ್ಮ್ 7ರ ಬಗ್ಗೆ ಒಂದು ಮಾತು. "ಆ ಓಣಿಯವರು ನಮಗೆ ಹಾಕಲ್ಲ, ನಾಲ್ಕು ಹೆಸರು ತೆಗೆಸಿಬಿಡಿ" ಅಂತ ಕಿವಿಯಲ್ಲಿ ಹೇಳೋರು ಎಲ್ಲ ಪಕ್ಷದಲ್ಲೂ ಇದ್ದಾರೆ. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಸಹಿ ನಿಮ್ಮದು ಇರುತ್ತೆ, ಹೇಳಿದವರದ್ದಲ್ಲ. ಜೈಲಿನ ಮಾತು ಬಿಡಿ, ಆ ಮನೆಯ ಹೆಣ್ಣುಮಕ್ಕಳು ನನ್ನ ಹತ್ತಿರವೇ ಬ್ಲೌಸ್ ಹೊಲಿಸೋದು. ಅವರ ಮುಖ ಹೇಗೆ ನೋಡಲಿ?

ಬಾಗಿಲಲ್ಲಿ

ಬೆಟಗೇರಿಯಲ್ಲಿ ನೇಕಾರರು ಜಾಸ್ತಿ. ಕರೆಂಟ್ ಇದ್ದಾಗ ಪವರ್‌ಲೂಮ್ ಸದ್ದಿನಲ್ಲಿ ನಿಮ್ಮ ಮಾತು ಯಾರಿಗೂ ಕೇಳಲ್ಲ. ಕರೆಂಟ್ ಹೋದಾಗ ಹೋಗಿ, ಎಲ್ಲರೂ ಕಟ್ಟೆ ಮೇಲೆ ಇರ್ತಾರೆ. ಸಂಜೆ ಧಾರಾವಾಹಿ ಹೊತ್ತು ಬೇಡ. ನಳಕ್ಕೆ ನೀರು ಬಂದ ದಿನವಂತೂ ಆ ಓಣಿಗೆ ಕಾಲಿಡಬೇಡಿ, ಕೊಡ ತುಂಬೋ ಗಡಿಬಿಡಿಯಲ್ಲಿ ಬೈಸಿಕೊಳ್ತೀರಿ. ಇಬ್ಬರು ಹೋಗಿ, ಒಬ್ಬರಾದರೂ ಹೆಂಗಸು ಇರಲಿ. ಆಗ ಅಡುಗೆಮನೆ ತನಕ ಮಾತು ಹೋಗುತ್ತೆ. ಹೆಗಲ ಮೇಲೆ ಪಕ್ಷದ ಶಾಲು ಮೊದಲ ಸಲಕ್ಕೆ ಬೇಡ.

ಕೈಮಗ್ಗದ ಒಬ್ಬ ಕಾಕಾ ಮನೆಗೆ ಹೋದದ್ದು ಹೇಳುತ್ತೇನೆ. ಲಾಳಿ ಓಡಿಸ್ತಾ ಇದ್ದರು. ತಲೆ ಎತ್ತಲಿಲ್ಲ.

"ಬಾ ಯವ್ವಾ. ವೋಟ್ ಬಂತೇನು? ನೀವು ಬಂದ್ರಿ ಅಂದ್ರ ವೋಟ್ ಬಂತು ಅಂತನ ಲೆಕ್ಕ."

"ಇನ್ನೂ ಬಂದಿಲ್ರೀ ಕಾಕಾ. ಪಟ್ಟಿ ನೋಡಾಕ ಬಂದೀನಿ. ನಿಮ್ಮ ಮನ್ಯಾಗ ಮೂರು ಹೆಸರು ಅದಾವು. ಎಲ್ಲಾರೂ ಇಲ್ಲೇ ಅದೀರಿಲ್ಲೋ?"

ಆಗ ಕೈ ನಿಂತಿತು. ಮೂರರಲ್ಲಿ ಒಂದು ಹೆಸರು ಕಾಕಾನ ಹೆಂಡತಿ ಕಾಕೂದು. ಅವರು ತೀರಿಹೋಗಿ ಎರಡು ದೀಪಾವಳಿ ಆಗಿತ್ತು. ಇನ್ನೊಂದು ದೊಡ್ಡ ಮಗನದು. ಅವನು ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದಾನೆ, ಜಾತ್ರೆಗೆ ಮಾತ್ರ ಬರ್ತಾನೆ. ಸೊಸೆ ಮನೆಯಲ್ಲೇ ಇದ್ದಳು, ಎರಡು ಮಕ್ಕಳ ತಾಯಿ. ಅವಳ ಹೆಸರು ಇನ್ನೂ ತವರೂರು ಯಲಬುರ್ಗಾ ಕಡೆಯ ಪಟ್ಟಿಯಲ್ಲೇ ಇತ್ತು. ಒಳಗಿಂದ ಕಿರಿಯ ಮಗ ಬಂದ. ಹದಿನೆಂಟು ತುಂಬಿ ತಿಂಗಳಾಗಿತ್ತು, ಅರ್ಜಿ ಹಾಕಿರಲಿಲ್ಲ.

ಒಂದೇ ಮನೆಯಲ್ಲಿ ಒಂದು 7, ಒಂದು 8, ಒಂದು 6, ಒಂದು ಗೋವಾ ಫೋನ್ ನಂಬರ್. ಪಕ್ಷದ ಹೆಸರು ನಾನು ತೆಗೆಯಲೇ ಇಲ್ಲ. ಅರ್ಜಿಗಳನ್ನು ಆ ಹುಡುಗನ ಕೈಯಲ್ಲೇ ಮೊಬೈಲಿನಲ್ಲಿ ತುಂಬಿಸಿದೆ. ಸೊಸೆ ತನ್ನ ಹೆಸರನ್ನು ತಾನೇ ಓದಿ ಸರಿ ಇದೆಯಾ ಅಂತ ನೋಡಿದಳು. ಹೊರಡುವಾಗ ಕಾಕಾ ಅಂದರು, "ಹತ್ತು ವರ್ಷದಾಗ ಪಟ್ಟಿ ಹಿಡಕೊಂಡು ಬಂದಾಕಿ ನೀ ಒಬ್ಬಾಕಿ. ಉಳಿದವ್ರೆಲ್ಲ ಕೈ ಮುಗಕೋತ ಬಂದ್ರು."

ಸೊಸೆಯಂದಿರ ಹೆಸರು ತವರಲ್ಲೇ ಉಳಿಯೋದು ನಮ್ಮ ಕಡೆ ದೊಡ್ಡ ಕಥೆ. ಗದಗ, ಕೊಪ್ಪಳ, ಹಾವೇರಿ ನಡುವೆ ಹೆಣ್ಣು ಕೊಟ್ಟು ತಂದು ಮಾಡ್ತಾನೇ ಇರ್ತೀವಿ, ಕಾರ್ಡು ಮಾತ್ರ ಹಿಂದೆ ಬರಲ್ಲ. ಮತದಾನದ ದಿನ ಮಕ್ಕಳನ್ನು ಎತ್ತಿಕೊಂಡು ತವರಿಗೆ ಹೋಗಿ ವೋಟ್ ಹಾಕೋರು ಎಷ್ಟು ಜನ? ಹುಬ್ಬಳ್ಳಿ-ಧಾರವಾಡದ ಹಾಸ್ಟೆಲಿನಲ್ಲಿ ಓದೋ ಮಕ್ಕಳದ್ದೂ ಇದೇ ಪಾಡು. ಊರಲ್ಲೋ ಹಾಸ್ಟೆಲಲ್ಲೋ ಒಂದೇ ಕಡೆ ಹೆಸರು ಇರಬೇಕು, ಅದನ್ನು ಮೊದಲೇ ತೀರ್ಮಾನ ಮಾಡಿಸಿ. ಹೊಸ ಮತದಾರರನ್ನು ಹುಡುಕಿಕೊಂಡು ಎಲ್ಲೆಲ್ಲೋ ಹೋಗ್ತಾರೆ, ಅವರು ಅಡುಗೆಮನೆಯಲ್ಲಿ ರೊಟ್ಟಿ ಬಡೀತಿರ್ತಾರೆ.

ತಕರಾರು ಬರುತ್ತವೆ. ನೀರು, ಗಟಾರು, ಬೀದಿ ದೀಪ. ವಿಧವಾ ವೇತನ ನಿಂತಿದೆ. ಗೃಹಲಕ್ಷ್ಮಿಯ 2,000 ಬಂದಿಲ್ಲ. ಪಿಎಂ ಕಿಸಾನ್ ಕಂತು ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ನರಗುಂದ ಕಡೆ ಹೋದರೆ ಮಹದಾಯಿ ನದಿ ನೀರು ಕೇಳ್ತಾರೆ. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ನೀರು ಯಾವಾಗ ಬರುತ್ತೆ ಅಂದ್ರೆ ಯಾವ ಪಕ್ಷದ ಕಾರ್ಯಕರ್ತನ ಹತ್ತಿರವೂ ಉತ್ತರ ಇಲ್ಲ. ಉತ್ತರ ಇಲ್ಲದ್ದಕ್ಕೆ "ಇಲ್ರೀ, ನನ್ನ ಕೈಯಾಗಿಲ್ಲ" ಅನ್ನಿ. ಮಾಡಬಹುದಾದ್ದನ್ನು ಪುಸ್ತಕದ ಕೊನೆ ಹಾಳೆಯಲ್ಲಿ ತಾರೀಖು ಹಾಕಿ ಬರೆಯಿರಿ. ಬ್ಯಾಂಕಿಗೆ ಆಧಾರ್ ಜೋಡಣೆ ಆಗಿಲ್ಲದ್ದೇ ಎಷ್ಟೋ ಸಲ ಕಾರಣ ಇರುತ್ತೆ. ಅದಕ್ಕೆ ಶಾಸಕರು ಬೇಕಿಲ್ಲ, ಜೊತೆಗೆ ಹೋಗೋ ಒಬ್ಬ ಮನುಷ್ಯ ಬೇಕು. ಆಗದಿದ್ದರೂ ತಿರುಗಿ ಹೋಗಿ "ಆಗಲಿಲ್ಲ" ಅಂತ ಹೇಳಿ ಬನ್ನಿ. ಹಾಗೆ ಹೇಳೋಕೆ ತಿರುಗಿ ಬಂದವರನ್ನು ಜನ ನೋಡಿಯೇ ಇರಲ್ಲ.

ಈ ಕೆಲಸ ಒಬ್ಬರಿಂದ ಆಗಲ್ಲ. ಸಾವಿರ ಮತದಾರರ ಬೂತ್ ಅಂದ್ರೆ ಹೆಚ್ಚುಕಡಿಮೆ 250 ಮನೆ. ಹತ್ತು ಜನರಿಗೆ ಹಂಚಿದರೆ ತಲೆಗೆ 25 ಮನೆ. ಹತ್ತು ಜನರನ್ನು ಎಲ್ಲಿಂದ ತರೋದು? ಹಿಟ್ಟಿನ ಗಿರಣಿ ನಡೆಸೋಳು, ಹಾಲು ಹಾಕೋ ಹುಡುಗ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯೋಳು. ಇವರಿಗೆ ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಪಟ್ಟಿಗಿಂತ ಚೆನ್ನಾಗಿ ಗೊತ್ತಿರುತ್ತೆ. ಇಸ್ತ್ರಿ ಹಾಕಿದ ಬಿಳಿ ಅಂಗಿಯವರನ್ನು ವೇದಿಕೆಗೆ ಬಿಡಿ. ಅಲ್ಲಿ ಅವರು ಬೇಕಾಗ್ತಾರೆ.

"ಲೀಡ್ ಪಕ್ಕಾ ಸಾಹೇಬ್ರ"

ನನಗೆ ತಲೆ ಕೆಡೋದು ಈ ಮಾತಿಗೆ. ಚುನಾವಣೆಗೆ ಮೊದಲು ಯಾವುದೋ ಕಲ್ಯಾಣ ಮಂಟಪದಲ್ಲಿ ಬೂತಿನವರ ಸಭೆ ಕರೀತಾರೆ. ಉಪ್ಪಿಟ್ಟು, ಶಿರಾ. ಮೈಕ್ ಹಿಡಿದು ಒಬ್ಬೊಬ್ಬರನ್ನೇ ಕೇಳ್ತಾರೆ. "ನಮ್ಮ ಬೂತಿನಾಗ ನೂರಾ ಐವತ್ತು ಲೀಡ್ ಪಕ್ಕಾ ಸಾಹೇಬ್ರ." ಚಪ್ಪಾಳೆ. ಮುಂದಿನವನು ಇನ್ನೂರು ಅಂತಾನೆ. ಅದಕ್ಕೂ ಚಪ್ಪಾಳೆ. ಹೀಗೆ ಕೂಡಿಸುತ್ತಾ ಹೋದರೆ ಎದುರು ಪಕ್ಷದವರ ಠೇವಣಿಯೂ ಉಳಿಯಲ್ಲ. ಆ ಪಕ್ಷದವರ ಸಭೆಯಲ್ಲೂ ಅದೇ ದಿನ ಇದೇ ಲೆಕ್ಕ ನಡೆದಿರುತ್ತೆ.

ನನ್ನ ಸರದಿ ಬಂದಾಗ ನಾನು ಮೂರು ಸಂಖ್ಯೆ ಓದುತ್ತೇನೆ. ನಮ್ಮವರು ಇಷ್ಟು, ಆ ಕಡೆಯವರು ಇಷ್ಟು, ಗೊತ್ತಿಲ್ಲದವರು ಇಷ್ಟು. ಚಪ್ಪಾಳೆ ಬರಲ್ಲ. ಆದರೆ ಸಭೆ ಮುಗಿದ ಮೇಲೆ ಲೆಕ್ಕ ಗೊತ್ತಿರೋ ಮನುಷ್ಯ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆದು "ಆ ಗೊತ್ತಿಲ್ಲದವರು ಯಾರ್‍ಯಾರ್ರಿ?" ಅಂತ ಕೇಳೇ ಕೇಳ್ತಾರೆ. ಪುಸ್ತಕ ಇರೋದು ಆ ಪ್ರಶ್ನೆಗೆ.

ಗುರುತು ಹಾಕೋಕೆ ಒಂದು ಆಧಾರ ಬೇಕಲ್ಲ. ಹಿಂದಿನ ಚುನಾವಣೆಯ ಫಾರ್ಮ್ 20 ತೆಗೆಯಿರಿ. ಬೂತ್‌ವಾರು ಯಾರಿಗೆ ಎಷ್ಟು ಬಿತ್ತು ಅಂತ ಅದರಲ್ಲಿ ಇರುತ್ತೆ. ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಸಿಗುತ್ತೆ. ಬೂತ್ ನಂಬರ್, ಗಡಿ ಬದಲಾಗಿರಬಹುದು, ಮತಗಟ್ಟೆ ಹೆಸರು ತಾಳೆ ನೋಡಿ. ಹೋದ ಸಲ ನಿಮಗೆ ಬಿದ್ದದ್ದು 300 ಇದ್ದು ಈಗ ನಿಮ್ಮ ಪುಸ್ತಕದಲ್ಲಿ 600 ಸರಿ ಗುರುತು ಇದ್ದರೆ, ರಬ್ಬರ್ ತಗೊಳ್ಳಿ.

ಜನರ ಮಾತು ಅರ್ಥ ಮಾಡಿಕೊಳ್ಳೋದೂ ಕಲೀಬೇಕು. ನಮ್ಮ ಕಡೆಯವರು ಮನೆಗೆ ಬಂದವರಿಗೆ ಇಲ್ಲ ಅನ್ನಲ್ಲ. "ನಿಮ್ಮನ್ನ ಬಿಟ್ಟು ಇನ್ಯಾರಿಗೆ ಹಾಕ್ತೀವ್ರಿ" ಅಂದವರು ಅದನ್ನೇ ಬೆಳಿಗ್ಗೆ ಇನ್ನೊಬ್ಬರಿಗೂ ಹೇಳಿರ್ತಾರೆ. ಅವರಿಗೆ ಪ್ರಶ್ನೆ ಚಿಹ್ನೆ. "ನೋಡೋಣ ಬಿಡ್ರಿ" ಅಂದ್ರೆ ಹೆಚ್ಚಾಗಿ ಇಲ್ಲ ಅಂತ. "ಮನ್ಯಾಗ ಅವರನ್ನ ಕೇಳ್ರಿ" ಅನ್ನೋ ಹೆಂಗಸು ತನ್ನ ಮನಸ್ಸಿನಲ್ಲಿ ಆಗಲೇ ತೀರ್ಮಾನ ಮಾಡಿರ್ತಾಳೆ, ನಿಮಗೆ ಹೇಳೋಕೆ ಇಷ್ಟ ಇಲ್ಲ ಅಷ್ಟೇ. ಬಾಗಿಲಲ್ಲಿ ನಿಲ್ಲಿಸಿಕೊಂಡು "ಹೋದ ಸಲ ಏನ್ ಮಾಡೀರಿ? ಯಾಕ ಬಂದೀರಿ?" ಅಂತ ಜಗಳ ತೆಗೆಯೋರು ಇದ್ದಾರಲ್ಲ, ನಾನು ಹೇಳಿದ ಐದು ಜನ ಅಲ್ಲೇ ಸಿಗ್ತಾರೆ. ಸಿಟ್ಟು ಮಾಡೋರಿಗೆ ಇನ್ನೂ ನಿಮ್ಮಿಂದ ಏನೋ ಬೇಕಾಗಿದೆ. ಕೂತು ಕೇಳಿ. ತಿರುಗಿ ಇನ್ನೊಂದು ಸಲ ಹೋಗಿ.

ಹಾಗಾದರೆ ಹುರುಪು ಎಲ್ಲಿಂದ ಬರಬೇಕು? ರ್‍ಯಾಲಿಯ ಜನ ನೋಡಿ ಹುರುಪು ತಗೊಳ್ಳಬೇಡಿ. ಆ ಬಸ್ಸು ಯಾರು ಹಿಡಿದದ್ದು ಅಂತ ನಿಮಗೇ ಗೊತ್ತು. ವಾಟ್ಸಾಪ್ ಗ್ರೂಪಿನ ಸಮೀಕ್ಷೆಗಳೂ ಅಷ್ಟೇ, ಗ್ರೂಪಿನಲ್ಲಿ ಇರೋದೆಲ್ಲ ನಮ್ಮವರೇ. ನನಗೆ ನಂಬಿಕೆ ಬರೋ ಗುರುತುಗಳು ಬೇರೆ. ಗೋವಾದಿಂದ ಆ ಹುಡುಗ ತಾನಾಗೇ ಫೋನ್ ಮಾಡಿ "ಯಾವ ತಾರೀಖ್ರಿ ಅಕ್ಕಾರ? ರಜಾ ಕೇಳಬೇಕು" ಅನ್ನೋದು. ಬ್ಲೌಸ್ ಅಳತೆ ಕೊಡ್ತಾ ಕೊಡ್ತಾ ಒಬ್ಬಳು "ನನ್ ಹೆಸರು ಐತೇನ್ ನೋಡ್ರಿ" ಅನ್ನೋದು. ಪ್ರಶ್ನೆ ಚಿಹ್ನೆಗಳು ವಾರದಿಂದ ವಾರಕ್ಕೆ ಕಮ್ಮಿ ಆಗೋದು. ಸರಿ ಗುರುತು ಆಗದೆ ಗೀಟೇ ಆದರೂ ಚಿಂತೆ ಇಲ್ಲ, ಗೊತ್ತಾಯ್ತಲ್ಲ.

ದುಡ್ಡು, ನೀತಿಸಂಹಿತೆ

ಇದನ್ನು ಬೇಗ ಮುಗಿಸುತ್ತೇನೆ. ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ. ನೀವು ಹಾಕಿಸೋ ಪೆಂಡಾಲು, ಕುರ್ಚಿ, ಚಹಾ ಎಲ್ಲ ಅದರಲ್ಲೇ ಬರುತ್ತೆ. ಚೀಟಿ ಇಟ್ಟುಕೊಳ್ಳಿ. ಹಂಚೋ ದುಡ್ಡು ಮಾತ್ರ ಕೈಯಲ್ಲಿ ಮುಟ್ಟಬೇಡಿ. ಕೊಡೋದೂ ಅಪರಾಧ, ತಗೊಳ್ಳೋದೂ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಒಂದು ಸಲ ಕವರ್ ಹಂಚಿದವರನ್ನು ಓಣಿಯವರು ಮುಂದಿನ ಐದು ವರ್ಷ "ಅವತ್ತು ನಮ್ಮ ಮನಿಗೆ ಎಷ್ಟು ಕಮ್ಮಿ ಕೊಟ್ಟಿ" ಅಂತ ಕೇಳ್ತಾರೆ. ನೀತಿಸಂಹಿತೆ ಇದ್ದಾಗ 50,000 ರೂಪಾಯಿಗಿಂತ ಜಾಸ್ತಿ ನಗದು ಒಯ್ಯುತ್ತಿದ್ದರೆ ಚೆಕ್‌ಪೋಸ್ಟಿನಲ್ಲಿ ದಾಖಲೆ ಕೇಳ್ತಾರೆ. ಬ್ಯಾಡಗಿಗೆ ಮೆಣಸಿನಕಾಯಿ ಮಾರೋಕೆ ಹೋಗೋ ನಿಮ್ಮ ಓಣಿಯವರಿಗೆ ಈ ಮಾತು ಮೊದಲೇ ಹೇಳಿ, ಮಾರಾಟದ ರಸೀದಿ ಜೊತೆಗಿರಲಿ.

ಖಾಸಗಿ ಗೋಡೆಗೆ ಬಾವುಟ ಕಟ್ಟೋ ಮುಂಚೆ ಮನೆಯವರನ್ನು ಕೇಳಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮೈಕ್ ಇಲ್ಲ. ಮತದಾನ ಮುಗಿಯೋ ಹೊತ್ತಿಗೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ಬಂದ್. ಹೊರಗಿನಿಂದ ಬಂದ ನಾಯಕರೆಲ್ಲ ಕ್ಷೇತ್ರ ಬಿಟ್ಟು ಹೋಗ್ತಾರೆ. ನನಗೆ ಆ ಎರಡು ದಿನ ಅಂದ್ರೆ ಬಲು ಇಷ್ಟ. ಗದ್ದಲ ಇಲ್ಲ, ಪುಸ್ತಕ ಹಿಡಿದು ಸುಮ್ನೆ ಮನೆ ಮನೆ ಹೋಗಬಹುದು.

85 ದಾಟಿದವರು, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋರು ಮನೆಯಿಂದಲೇ ಮತ ಹಾಕಬಹುದು. ಅದಕ್ಕೆ ಫಾರ್ಮ್ 12ಡಿ. ಚುನಾವಣೆಯ ಅಧಿಸೂಚನೆ ಬಂದ ಐದು ದಿನದೊಳಗೆ ಕೊಡಬೇಕು. ನಮ್ಮ ರಾಜ್ಯದ ವಿಧಾನಸಭೆ ಚುನಾವಣೆಯಲ್ಲಿ ಇದು 2023ರಲ್ಲಿ ಬಂದಾಗ ವಯಸ್ಸು 80 ಇತ್ತು, 2024ರಲ್ಲಿ 85 ಮಾಡಿದರು. ಹಳೆಯದನ್ನೇ ನೆನಪಿಟ್ಟುಕೊಂಡು ಅಜ್ಜಿಗೆ ಆಸೆ ಹುಟ್ಟಿಸಬೇಡಿ. ಒಮ್ಮೆ ಇದಕ್ಕೆ ಒಪ್ಪಿದವರು ಆಮೇಲೆ ಬೂತಿಗೆ ಬಂದು ಹಾಕೋಕೆ ಆಗಲ್ಲ ಅನ್ನೋದನ್ನೂ ಹೇಳಿ. ಕೆಲವು ಅಜ್ಜಂದಿರಿಗೆ ಬೂತಿಗೆ ಬರೋದೇ ಹಬ್ಬ.

ಮತದಾನದ ದಿನ

ಒಳಗೆ ಕೂರೋ ಪೋಲಿಂಗ್ ಏಜೆಂಟ್ ನೀವಾದರೆ ಫಾರ್ಮ್ 10 ಬೇಕು, ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟರ ಸಹಿಯೊಂದಿಗೆ. ಮತದಾನ 7ಕ್ಕೆ ಶುರು ಅಂದ್ರೆ ಅಣಕು ಮತದಾನ ಅದಕ್ಕೆ 90 ನಿಮಿಷ ಮೊದಲು. ಅಂದ್ರೆ 5.30ಕ್ಕೆ ನೀವು ಅಲ್ಲಿರಬೇಕು. ಕಡಿಮೆ ಅಂದರೂ 50 ಮತ ಹಾಕಿ ತೋರಿಸ್ತಾರೆ. ಯಂತ್ರದ ಲೆಕ್ಕ, ಯಾರಿಗೆ ಮತ ಬಿತ್ತು ಅಂತ ಚೀಟಿ ಮುದ್ರಿಸೋ ವಿವಿಪ್ಯಾಟ್‌ನ ಚೀಟಿ ಎರಡೂ ತಾಳೆ ಆಗಬೇಕು. ಆಮೇಲೆ ಎಲ್ಲ ಅಳಿಸಿ ಸೊನ್ನೆ ತೋರಿಸ್ತಾರೆ, ಚೀಟಿಗಳನ್ನು ಡಬ್ಬಿಯಿಂದ ತೆಗೀತಾರೆ. ಆ ಸೊನ್ನೆಯನ್ನು ಕಣ್ಣಾರೆ ನೋಡದೆ ಸಹಿ ಮಾಡಬೇಡಿ. ಸೀಲ್ ನಂಬರ್‌ಗಳನ್ನು ಬರೆದುಕೊಳ್ಳಿ. ಮೊಬೈಲ್ ಮನೆಯಲ್ಲೇ ಇರಲಿ. ಪೆನ್ಸಿಲ್, ಪಟ್ಟಿ, ನೀರು, ಎರಡು ರೊಟ್ಟಿ ಶೇಂಗಾ ಚಟ್ನಿ ಸಾಕು.

ಬಂದವರು ಬೇರೆಯವರು ಅನ್ನಿಸಿದರೆ ಎರಡು ರೂಪಾಯಿ ಕಟ್ಟಿ ಆಕ್ಷೇಪಿಸಬಹುದು. ಜಗಳ ಆಡಬೇಡಿ, ಎರಡು ರೂಪಾಯಿ ಇಡಿ, ಅಧಿಕಾರಿ ವಿಚಾರಣೆ ಮಾಡ್ತಾರೆ. ನಿಮ್ಮವರ ಮತವನ್ನು ಆಗಲೇ ಯಾರೋ ಹಾಕಿಬಿಟ್ಟಿದ್ದರೆ ಅವರನ್ನು ವಾಪಸ್ ಕಳಿಸಬೇಡಿ. ಟೆಂಡರ್ಡ್ ಮತ ಕೇಳಿ, ಕಾಗದದ ಮತಪತ್ರ ಕೊಡ್ತಾರೆ.

ಪಕ್ಷದ ಹೊರಗಿನ ಮೇಜು ಮತಗಟ್ಟೆಯಿಂದ 100 ಮೀಟರ್ ಆಚೆ. 2025ರ ತನಕ ಅದು 200 ಮೀಟರ್ ಇತ್ತು. ಒಂದು ಮೇಜು, ಎರಡು ಕುರ್ಚಿ, ನೆರಳಿಗೆ ಒಂದು ತಾಡಪತ್ರಿ. ಅಲ್ಲಿಂದ ಮತದಾರರಿಗೆ ಹೆಸರು, ಕ್ರಮ ಸಂಖ್ಯೆ ಬರೆದು ಕೊಡೋ ಚೀಟಿ ಬಿಳಿ ಹಾಳೆ ಇರಬೇಕು. ಪಕ್ಷದ ಹೆಸರು, ಚಿಹ್ನೆ, ಅಭ್ಯರ್ಥಿ ಹೆಸರು ಯಾವುದೂ ಇರಬಾರದು. ಚೀಟಿ ಮಾತ್ರ ಹಿಡಿದು ಹೋದರೆ ಒಳಗೆ ಬಿಡಲ್ಲ ಅಂತ ಎಲ್ಲರಿಗೂ ನೆನಪಿಸಿ. ಗುರುತಿನ ಚೀಟಿ ಇಲ್ಲದಿದ್ದರೆ ಆಧಾರ್, ಉದ್ಯೋಗ ಖಾತ್ರಿ ಕಾರ್ಡು, ಫೋಟೊ ಇರೋ ಪಾಸ್‌ಬುಕ್, ಇಂಥದ್ದು ಒಂದು ಬೇಕು.

"ಅಕ್ಕಾರ, ಆಟೋ ಕಳಸ್ರಿ" ಅಂತ ಫೋನ್ ಬರುತ್ತವೆ. ಮತದಾರರನ್ನು ಕರೆತರೋಕೆ ಗಾಡಿ ಬಾಡಿಗೆ ಹಿಡಿಯೋದು ಕಾನೂನಿನ ಪ್ರಕಾರ ಭ್ರಷ್ಟ ಆಚರಣೆ. ಗೆದ್ದ ಮೇಲೂ ಆ ಗೆಲುವು ಕೋರ್ಟಿನಲ್ಲಿ ಬಿದ್ದುಹೋಗಬಹುದು. ಅಂಗವಿಕಲರಿಗೆ ಆಯೋಗದವರ ವ್ಯವಸ್ಥೆ ಇರುತ್ತೆ, ಬಿಎಲ್‌ಒಗೆ ಮೊದಲೇ ಹೇಳಿ ಮಾಡಿಸಿ. ಉಳಿದವರಿಗೆ ಪಕ್ಕದ ಮನೆಯವರ ಜೊತೆ ನಡೆದು ಬರೋಕೆ ಹೇಳಿ.

2023ರ ಮೇ 10, 2024ರ ಮೇ 7, ಎರಡು ಸಲವೂ ನಮ್ಮಲ್ಲಿ ಮತದಾನ ಸುಡು ಬಿಸಿಲಲ್ಲೇ. ಹನ್ನೊಂದರ ತನಕ ಸಾಲು ಇರುತ್ತೆ. ಆಮೇಲೆ ನಾಲ್ಕರ ತನಕ ಬೂತಿನ ಮುಂದೆ ನಾಯಿ ಮಲಗಿರುತ್ತೆ. ವಯಸ್ಸಾದವರನ್ನು, ಎಳೆ ಮಕ್ಕಳ ತಾಯಂದಿರನ್ನು ಒಂಬತ್ತರೊಳಗೆ ಮುಗಿಸಿ. ನಡುಹಗಲು ಹೊರಗಿನ ಮೇಜಿನ ಪಟ್ಟಿ ಹಿಡಿದು ಇನ್ನೂ ಬಾರದವರ ಹೆಸರು ಬೇರೆ ಮಾಡಿ, ಓಣಿಗೊಬ್ಬರನ್ನು ಕಳಿಸಿ. ನಮ್ಮ ಹೊಸಬರು ಮಾಡೋ ಕೆಲಸ ಅಂದ್ರೆ ಬೆಳಿಗ್ಗೆ ಎಲ್ಲ ಶಕ್ತಿ ಖರ್ಚು ಮಾಡಿ ಮೂರು ಗಂಟೆಗೆ ಮಿರ್ಚಿ ಭಜಿ ತಿನ್ನುತ್ತಾ ಲೀಡ್ ಲೆಕ್ಕ ಹಾಕ್ತಾ ಕೂರೋದು. ಪ್ರಶ್ನೆ ಚಿಹ್ನೆಯವರು ಹೊರಗೆ ಬರೋದೇ ನಾಲ್ಕರ ಮೇಲೆ. 6 ಗಂಟೆಗೆ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಟ್ಟು ಮತ ಹಾಕಿಸ್ತಾರೆ. ಹಾಗಾಗಿ 5.50ಕ್ಕೆ ಬಂದರೂ ಬಂದವರೇ.

ಮುಗಿದ ಮೇಲೆ ಏಜೆಂಟ್ ಎದ್ದು ಓಡಬಾರದು. ಕ್ಲೋಸ್ ಬಟನ್ ಒತ್ತಿಸಿ, ಒಟ್ಟು ಮತ ನೋಡಿ, ಸೀಲಿಗೆ ಸಹಿ ಹಾಕಿ, ಬೂತಿನಲ್ಲಿ ಬಿದ್ದ ಒಟ್ಟು ಮತದ ಲೆಕ್ಕ ಇರೋ ಫಾರ್ಮ್ 17ಸಿ ನಕಲು ಕೈಗೆ ತಗೊಂಡೇ ಏಳಿ. ಎಣಿಕೆ ದಿನ ನಿಮ್ಮ ಬೂತಿನ ಯಂತ್ರ ತೆರೆದಾಗ ಈ ಸಂಖ್ಯೆ ತಾಳೆ ಆಗಬೇಕು. ಅದನ್ನು ಅವತ್ತೇ ರಾತ್ರಿ ಪಕ್ಷದ ಕಚೇರಿಗೆ ಮುಟ್ಟಿಸಿ, ಒಂದು ಜೆರಾಕ್ಸ್ ಪುಸ್ತಕಕ್ಕೆ ಅಂಟಿಸಿ.

ಗೆದ್ದರೆ ಗುಲಾಲು, ಸೋತರೆ ಮೂರು ದಿನ ಫೋನ್ ಆಫ್. ಎರಡೂ ಮುಗಿದ ಮೇಲೆ ಹೊಸ ಫಾರ್ಮ್ 20 ಬರುತ್ತೆ. ಅದನ್ನು ನಿಮ್ಮ ಪೆನ್ಸಿಲ್ ಗುರುತುಗಳ ಪಕ್ಕ ಇಟ್ಟು ನೋಡಿ. ಸರಿ ಗುರುತು ಎಷ್ಟಿತ್ತು, ಬಿದ್ದದ್ದು ಎಷ್ಟು, ವ್ಯತ್ಯಾಸ ಯಾವ ಓಣಿಯದ್ದಿರಬಹುದು ಅಂತ ಆ ಹತ್ತು ಜನರನ್ನೂ ಕೂರಿಸಿಕೊಂಡು ಮಾತಾಡಿ. ತಕರಾರಿನ ಹಾಳೆಯಲ್ಲಿ ಉಳಿದದ್ದನ್ನು ಮುಂದುವರಿಸಿ. ನಗರಸಭೆ ಚುನಾವಣೆ ಬಂದಾಗ ಹಾಳೆಗಳನ್ನು ಹೊಸದಾಗಿ ಕತ್ತರಿಸಿ ಅಂಟಿಸಬೇಕಾಗುತ್ತೆ. ಅದನ್ನು ನಡೆಸೋದು ರಾಜ್ಯ ಚುನಾವಣಾ ಆಯೋಗ, ಗದಗ-ಬೆಟಗೇರಿಯಲ್ಲಿ 35 ವಾರ್ಡ್, ಪಟ್ಟಿಯೂ ವಾರ್ಡ್ ಪ್ರಕಾರ. ನಿಮ್ಮ ಬೂತಿನ ಅರ್ಧ ಓಣಿ ಪಕ್ಕದ ವಾರ್ಡಿಗೆ ಹೋಗಿರಬಹುದು. ಗೋಂದು, ಕತ್ತರಿ ಈಗಲೇ ತಂದಿಟ್ಟುಕೊಳ್ಳಿ.